ಅಯಸ್ಕಾಂತ ಅಂಟಿದ ಮಾತ್ರಕ್ಕೆ ನಿಕ್ಕಲ್ ಅಲ್ಲ

ಪ್ರಶ್ನೆ: ಕೆನಡಾದಲ್ಲಿ ನಿಕ್ಕಲ್ ಗಣಿಗಳಿರುವ ಊರು ಸಡ್ಬರಿ, ಅಲ್ಲಿನ ಮಗನ ಮನೆಗೆ ಹೋದವರು ಅಲ್ಲಿಂದ ಮುಷ್ಟಿಗಾತ್ರದ ಕಲ್ಲೊಂದು ತಂದೆವು. ಮೇಲೆ ತುಕ್ಕು, ಒಡೆದ ಕಡೆ ಕಂಚಿನ ಬಣ್ಣ. ಫ್ರಿಜ್ಜಿನ ಬಾಗಿಲಿನ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತದೆ. ನಿಕ್ಕಲ್ ಅಲ್ವಾ? (ಓದುಗರೊಬ್ಬರು, ಮೈಸೂರು)

ಉತ್ತರ: ಅನುಮಾನ ಬಂದಿದ್ದು ಸಹಜ. ನಿಕ್ಕಲ್ ಲೋಹವನ್ನು ಅಯಸ್ಕಾಂತ ಸೆಳೆಯುತ್ತದೆ, ನಿಜ. ಆದರೆ ನಿಮ್ಮ ಕಲ್ಲಿನಲ್ಲಿ ಅದು ಲೋಹವಾಗಿಲ್ಲ, ಗಂಧಕದ ಜೊತೆ ಕೂಡಿಕೊಂಡಿದೆ. ಮ್ಯಾಗ್ನೆಟ್ ಹಿಡಿದಿರುವುದು ಬಹುಶಃ ಪಿರೋಟೈಟ್ ಅನ್ನು, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜವನ್ನು. ಬೇಗ ತುಕ್ಕು ಹಿಡಿಯುವುದೂ ಅದೇ. ಅದರಲ್ಲಿ ನಿಕ್ಕಲ್ ಶೇ. 1ರಷ್ಟಿದ್ದರೆ ಜಾಸ್ತಿ. ಅಸಲಿ ಮಾಲು ಪೆಂಟ್ಲಂಡೈಟ್, ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ನಿಕ್ಕಲ್ಲೇ, ಆದರೆ ತಮಾಷೆ ನೋಡಿ, ಅದಕ್ಕೆ ಅಯಸ್ಕಾಂತ ಅಂಟುವುದೇ ಇಲ್ಲ.

ಕಲ್ಲನ್ನು ಬಿಸಿಲಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ. ಕಂಚಿನ ನಡುವೆ ತುಸು ತಿಳಿ ಬಣ್ಣದ, ಚಪ್ಪಟೆಯಾಗಿ ಫಳ್ಳೆಂದು ಮಿನುಗುವ ಚೂರು ಕಂಡರೆ ಅದು ಪೆಂಟ್ಲಂಡೈಟ್ ಇರಬಹುದು. ಹಿತ್ತಾಳೆಯಂತೆ ಹಳದಿಯಾಗಿದ್ದರೆ ಚಾಲ್ಕೋಪೈರೈಟ್, ತಾಮ್ರದ ಅದಿರು. 1883ರಲ್ಲಿ ರೈಲು ಹಳಿ ಹಾಕುವಾಗ ಅಲ್ಲಿ ಇಂಥದ್ದೇ ತುಕ್ಕುಬಣ್ಣದ ಬಂಡೆ ಕಂಡವರು ಮೊದಲು ಆಸೆಪಟ್ಟಿದ್ದು ತಾಮ್ರಕ್ಕೇ.

ಪ್ರಶ್ನೆ: ಅಲ್ಲಿನ ನಿಕ್ಕಲ್ ಆಕಾಶದಿಂದ ಬಿತ್ತಂತೆ, ಹೌದಾ? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಬಿದ್ದಿದ್ದು ಕ್ಷುದ್ರಗ್ರಹವೋ ಧೂಮಕೇತುವೋ, ಸುಮಾರು 185 ಕೋಟಿ ವರ್ಷಗಳ ಹಿಂದೆ. ನಿಕ್ಕಲ್ ಮಾತ್ರ ಮುಖ್ಯವಾಗಿ ಭೂಮಿಯದ್ದೇ. ಆ ಪೆಟ್ಟಿಗೆ ನೆಲವೇ ಕರಗಿತು. ಕರಗಿದ ಕಲ್ಲಿನ ಜೊತೆ ಗಂಧಕ ತುಂಬಿದ ದ್ರವ ಬೆರೆಯಲಿಲ್ಲ, ನೀರಿನ ಜೊತೆ ಎಣ್ಣೆ ಬೆರೆಯದ ಹಾಗೆ. ಎಣ್ಣೆ ತೇಲುತ್ತದೆ, ಇದು ಭಾರ, ಹಾಗಾಗಿ ತಳ ಸೇರಿತು. ಹೋಗುವಾಗ ನಿಕ್ಕಲ್ಲು, ತಾಮ್ರ ಎರಡನ್ನೂ ಸೆಳೆದುಕೊಂಡು ಹೋಯಿತು. ಆಮೇಲೆ ಅದೂ ಗಟ್ಟಿಯಾಗಿ, ಇನ್ನಷ್ಟು ತಣಿಯುತ್ತಾ ಬಂದಾಗ ಪೆಂಟ್ಲಂಡೈಟ್ ಒಳಗಿನಿಂದಲೇ ಬೇರೆಯಾಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಿರೋಟೈಟ್ ಒಳಗೆ ದೀಪದ ಕುಡಿಯಂಥ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಅವೇ ಅವು.

ಪ್ರಶ್ನೆ: ಇಷ್ಟು ಅಂಟಿಕೊಂಡಿದ್ದರೆ ಬೇರೆ ಮಾಡುವುದು ಹೇಗೆ? (ಅದೇ ವಿದ್ಯಾರ್ಥಿನಿ)

ಉತ್ತರ: ಪೂರ್ತಿ ಬೇರೆ ಮಾಡಲು ಆಗುವುದಿಲ್ಲ, ತಲೆನೋವು ಇರುವುದೇ ಅಲ್ಲಿ. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಕ್ಸಾಂಥೇಟ್ ಅನ್ನುವ ರಾಸಾಯನಿಕ ಬೆರೆಸಿ ಗಾಳಿ ಊದುತ್ತಾರೆ. ಗಂಧಕದ ಖನಿಜಗಳು ಗುಳ್ಳೆಗೆ ಅಂಟಿ ನೊರೆಯ ಜೊತೆ ಮೇಲೆ ಬರುತ್ತವೆ, ಬರೀ ಕಲ್ಲು ಕೆಳಗೇ ಉಳಿಯುತ್ತದೆ. ಪಿರೋಟೈಟೂ ಹತ್ತಿ ಬರಲು ನೋಡುತ್ತದೆ. ಬಿಟ್ಟರೆ ಕುಲುಮೆಯಲ್ಲಿ ಗಂಧಕದ ಹೊಗೆ ಜಾಸ್ತಿ. ಹಾಗಾಗಿ ಅದನ್ನು ಆದಷ್ಟು ತೆಗೆದುಹಾಕುತ್ತಾರೆ, ಒಂದಷ್ಟನ್ನು ಅಯಸ್ಕಾಂತದಿಂದಲೇ. ಒಳಗೆ ಸಿಕ್ಕಿಕೊಂಡ ಆ ದೀಪದ ಕುಡಿಗಳೂ ಅದರ ಜೊತೆ ಕಸಕ್ಕೆ ಹೋಗುತ್ತವೆ, ಏನೂ ಮಾಡುವ ಹಾಗಿಲ್ಲ.

ಸಡ್ಬರಿ ಸುತ್ತಲಿನ ಗುಡ್ಡ ಒಂದು ಕಾಲಕ್ಕೆ ಬೋಳಾಗಿದ್ದಕ್ಕೆ ಈ ಹೊಗೆ ದೊಡ್ಡ ಕಾರಣ. 1972ರಲ್ಲಿ 381 ಮೀಟರ್ ಎತ್ತರದ ಚಿಮಣಿ ಕಟ್ಟಿದರು. ಊರಿನ ಗಾಳಿ ಸುಧಾರಿಸಿತು, ಆದರೆ ಉಳಿದ ಹೊಗೆ ಇನ್ನೂ ದೂರ ಹೋಯಿತು ಅಷ್ಟೇ ಅಂತ ನನಗನ್ನಿಸುತ್ತದೆ. ನಿಜವಾಗಿ ಗಂಧಕ ಕಡಿಮೆಯಾಗಿದ್ದು ಆಮೇಲೆ, ಅದನ್ನು ಹೆಚ್ಚು ಹೆಚ್ಚಾಗಿ ಹಿಡಿದು ಆಮ್ಲ ಮಾಡತೊಡಗಿದ ಮೇಲೆ.

ಪ್ರಶ್ನೆ: ನಮ್ಮ ಸ್ಟೀಲ್ ಲೋಟಕ್ಕೆ ಮ್ಯಾಗ್ನೆಟ್ ಅಂಟಲಿಲ್ಲ. ನಿಕ್ಕಲ್ ಇಲ್ಲ ಅಂತಲಾ? (ಗೃಹಿಣಿ, ದಾವಣಗೆರೆ)

ಉತ್ತರ: ಉಲ್ಟಾ! 304 ನಂಬರಿನ ಸ್ಟೀಲಿನಲ್ಲಿ ಶೇ. 8ರಷ್ಟು ನಿಕ್ಕಲ್ ಇರುತ್ತದೆ, ಅದರಿಂದಲೇ ಅಂಟುವುದಿಲ್ಲ. ಹಾಗಂತ ಅಂಗಡಿಯವನ ಜೊತೆ ಇದೊಂದನ್ನೇ ನಂಬಿ ವಾದಕ್ಕೆ ಇಳಿಯಬೇಡಿ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಸ್ಟೀಲಿಗೂ ಅಂಟುವುದಿಲ್ಲ. ಒಳ್ಳೆಯ 304ರ ಲೋಟಕ್ಕೂ, ಅಂಚನ್ನು ಮಡಿಚಿದ ಕಡೆ ಇಟ್ಟು ನೋಡಿ, ಸ್ವಲ್ಪ ಅಂಟಿದರೂ ಅಂಟೀತು.