ಯಾವ ದೇವರಿಗೆ ನಡೆದುಕೊಳ್ಳುತ್ತೀರಿ?

ಹುಮನಾಬಾದ್ ತಾಲ್ಲೂಕಿನ ಓದುಗರೊಬ್ಬರು ಗೆರೆ ಹಾಳೆಯ ಎರಡೂ ಮಗ್ಗುಲಿಗೆ ಬರೆದು ಏಳು ಪುಟದ ಪತ್ರ ಕಳಿಸಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಯಸ್ಸು ಇಪ್ಪತ್ತಾರು. ಕಲಬುರಗಿಯಲ್ಲಿ ರಕ್ತ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಕೆಲಸ, ಹಾಸ್ಟೆಲಿನಲ್ಲಿ ವಾಸ. ಮನೆತನ ಲಿಂಗಾಯತ. ಹನ್ನೆರಡನೆಯ ವಯಸ್ಸಿಗೆ ದೀಕ್ಷೆಯಾಗಿದೆ, ಎರಡು ವರ್ಷದಿಂದ ಲಿಂಗಪೂಜೆ ನಿಂತಿದೆ. ಗುರುವಾರ ಸಂಜೆ ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯೊಂದಿಗೆ ಖಾಜಾ ಬಂದಾನವಾಜ್ ದರ್ಗಾಕ್ಕೆ ಹೋಗಿ ಹೊರಗಿನ ಅಂಗಳದಲ್ಲಿ ಕುಳಿತು ಬರುತ್ತಾರೆ. ಆಗೊಮ್ಮೆ ಈಗೊಮ್ಮೆ ಬುದ್ಧವಿಹಾರ. ಊರಿಗೆ ಹೋದಾಗ ತಾಯಿಯ ಸಮಾಧಾನಕ್ಕೆ ವೀರಭದ್ರ ದೇವರ ಗುಡಿ.

"ಎಲ್ಲ ಕಡೆಯೂ ಮನಸ್ಸಿಗೆ ಸ್ವಲ್ಪ ಸ್ವಲ್ಪ ಹಗುರವಾಗುತ್ತದೆ, ಯಾವುದರಲ್ಲೂ ಪೂರ್ತಿ ನಂಬಿಕೆ ಬರುವುದಿಲ್ಲ. ಅಪ್ಪ ಹೇಳುತ್ತಾರೆ, ಹತ್ತು ಕಡೆ ಒಂದೊಂದು ಮೊಳ ತೋಡಿದರೆ ನೀರು ಬೀಳುವುದಿಲ್ಲ, ಒಂದೇ ಕಡೆ ಹತ್ತು ಮೊಳ ತೋಡು ಎಂದು. ನಾನು ಮಾಡುತ್ತಿರುವುದು ಮೋಸವೇ? ನನ್ನದೇ ದಾರಿ ಎನ್ನುವುದು ಒಂದು ಇರುತ್ತದೆಯೇ?" ಇದು ಅವರ ಪ್ರಶ್ನೆ. ಆರನೆಯ ಪುಟದಲ್ಲಿ, ಬೇರೇನನ್ನೋ ಹೇಳುವ ನಡುವೆ, ಈ ವರ್ಷ ತಮಗೆ ಗಂಡು ನೋಡುತ್ತಿರುವ ವಿಷಯವೂ ಬಂದಿದೆ. ಸಂಪಾದಕನಿಗೆ ಆರನೆಯ ಪುಟವನ್ನು ಮೊದಲು ಓದುವ ಕೆಟ್ಟ ಅಭ್ಯಾಸವಿದೆ.

ತಂಗಿ, ಮೊದಲು ನಿಮ್ಮ ತಂದೆಯವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಇಂದು ಒಂದು ಜಪ, ನಾಳೆ ಒಂದು ಧ್ಯಾನ, ನಾಡಿದ್ದು ಮತ್ತೊಬ್ಬರ ಪ್ರವಚನ ಎಂದು ತಿರುಗುವವರನ್ನು ನಾನೂ ಕಂಡಿದ್ದೇನೆ. ಅವರ ಕಾಲಿಗೆ ದಣಿವಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಆದರೆ ಬೀದರ್ ಜಿಲ್ಲೆಯ ಮನುಷ್ಯ ಬಾವಿಯ ಉದಾಹರಣೆ ಕೊಟ್ಟು ಮಗಳ ಬಾಯಿ ಮುಚ್ಚಿಸಿದರು ಎಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಅವರನ್ನು ಒಮ್ಮೆ ನೌಬಾದಿಗೆ ಕರೆದುಕೊಂಡು ಹೋಗಿ. ಅಲ್ಲಿ ಬಹಮನಿ ಅರಸರು 15ನೆಯ ಶತಮಾನದಲ್ಲಿ ಪರ್ಶಿಯಾದ ಪದ್ಧತಿಯಂತೆ ಮಾಡಿಸಿದ ಕರೇಜ್ ಇದೆ, ಜನರ ಬಾಯಲ್ಲಿ ಸುರಂಗ ಬಾವಿ. ಮೇಲಿನಿಂದ ನೋಡಿದರೆ ಸಾಲಾಗಿ ಬಾವಿಗಳು, ಒಂದಾದ ಮೇಲೆ ಒಂದು. ಯಾರೋ ನೀರು ಸಿಗದೆ ಕಂಗಾಲಾಗಿ ಕಂಡಕಂಡಲ್ಲಿ ತೋಡಿದಂತೆ ಕಾಣುತ್ತದೆ. ಒಳಗೆ ಇಳಿದರೆ ಗೊತ್ತಾಗುತ್ತದೆ: ಬಾವಿ ಬಾವಿಗೂ ನಡುವೆ ಜಂಬಿಟ್ಟಿಗೆಯಲ್ಲಿ ಕೊರೆದ ಸುರಂಗ, ಆ ಸುರಂಗಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಎತ್ತರದಲ್ಲಿ ಜಿನುಗಿದ ನೀರು ರಾಟೆ, ಎತ್ತು, ಮೋಟಾರು ಯಾವುದರ ಹಂಗೂ ಇಲ್ಲದೆ ತಾನಾಗಿ ಹರಿದು ಊರಿಗೆ ಬರುತ್ತದೆ. ಒಂದೇ ಬಾವಿ ತೋಡಿದ್ದರೆ ಕರೇಜ್ ಆಗುತ್ತಿರಲಿಲ್ಲ.

ಒಂದು ಮಾತು ಮಾತ್ರ ನೆನಪಿರಲಿ. ಆ ಬಾವಿಗಳು ಒಂದೇ ಸಾಲಿನಲ್ಲಿವೆ. ತೋಡಿದವನಿಗೆ ಇಳಿಜಾರು ಯಾವ ಕಡೆಗೆ ಎಂಬುದು ಗೊತ್ತಿತ್ತು. ನಿಮ್ಮ ಸಾಲು ಯಾವುದು ಎಂದು ಏಳು ಪುಟದಲ್ಲಿ ಎಲ್ಲಿಯೂ ಬರೆದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ನಂಬಿಕೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ಆ ಪದ ಪತ್ರದಲ್ಲಿ ಹತ್ತೊಂಬತ್ತು ಸಲ ಬಂದಿದೆ, ಎಣಿಸಿದ್ದೇನೆ. ನನಗೆ ಮೊದಲಿನಿಂದಲೂ ಅದರ ಮೇಲೆ ಸಿಟ್ಟು. ನಮ್ಮ ಕಡೆಯ ಹಿರಿಯರು ಯಾರನ್ನಾದರೂ "ನೀವು ಯಾವ ದೇವರನ್ನು ನಂಬುತ್ತೀರಿ" ಎಂದು ಕೇಳಿದ್ದನ್ನು ಕೇಳಿದ್ದೀರಾ? ಅವರು ಕೇಳುತ್ತಿದ್ದದ್ದು "ನೀವು ಯಾವ ದೇವರಿಗೆ ನಡೆದುಕೊಳ್ಳುತ್ತೀರಿ" ಎಂದು. ನಾವು ಮೈಲಾಪುರದ ಮಲ್ಲಯ್ಯನಿಗೆ ನಡೆದುಕೊಳ್ಳುತ್ತೇವೆ, ನಮ್ಮ ಬೀಗರು ತಿಂಥಣಿಯ ಮೌನಪ್ಪನಿಗೆ ನಡೆದುಕೊಳ್ಳುತ್ತಾರೆ, ಹೀಗೆ. ಮದುವೆಯಾಗಿ ಹೊರಟ ಹುಡುಗಿಗೆ "ಅತ್ತೆ ಮಾವನ ಜೊತೆ ಚೆನ್ನಾಗಿ ನಡೆದುಕೋ" ಎನ್ನುವಾಗಲೂ ಅದೇ ಪದ. ನಂಬಿಕೆ ನೂರಕ್ಕೆ ಎಷ್ಟಿದೆ ಎಂದು ನಿಮ್ಮ ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಹಾಕಿ ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹೋದೆಯಾ, ಕಾಯಿ ಒಡೆದೆಯಾ, ಬಂದವರಿಗೆ ಊಟ ಹಾಕಿದೆಯಾ, ನಡೆದುಕೊಂಡಂತಾಯಿತು.

ನಮ್ಮ ಅಜ್ಜಿಯ ವಿಷಯ ಈ ಪುಟದಲ್ಲಿ ಹಿಂದೆಯೂ ಬರೆದಿದ್ದೇನೆ, ಹಳೆಯ ಓದುಗರು ಕ್ಷಮಿಸಬೇಕು. ಬೆಳಗ್ಗೆ ಸ್ನಾನ ಮುಗಿಸಿ ಒದ್ದೆ ಕೂದಲಿನಲ್ಲೇ ಅಡುಗೆಮನೆಯ ಮೂಲೆಯಲ್ಲಿ ಕೂಡುತ್ತಿದ್ದಳು. ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಭಸ್ಮ ಹಚ್ಚಿ, ಒಂದೇ ಒಂದು ಹೂವಿನ ಎಸಳು ಏರಿಸಿ, ಅದನ್ನೇ ನೋಡುತ್ತ ಕೂಡುವುದು. ಅರವತ್ತು ವರ್ಷ ಹಾಗೆ ಹಿಡಿದ ಅಂಗೈಯ ನಡುವೆ ಎಂಟಾಣೆಯಷ್ಟು ಅಗಲದ ಒಂದು ಬಿಳಿಚಿದ ಗುರುತಿತ್ತು. ಧ್ಯಾನ ಎಂದರೆ ಏನು ದೊಡ್ಡ ಧ್ಯಾನ! ಬೆಕ್ಕು ಹಾಲಿನ ಕಡೆ ಹೊರಟರೆ ಬಲಗೈಯಿಂದ ಲಟ್ಟಣಿಗೆ ತೆಗೆದು ನೆಲಕ್ಕೆ ಬಡಿಯುತ್ತಿದ್ದಳು, ಎಡಗೈ ಅಲುಗುತ್ತಿರಲಿಲ್ಲ. ಅದೇ ಅಜ್ಜಿ ಗುರುವಾರ ಸಂಜೆ ಕಾಗದದಲ್ಲಿ ಪಾವು ಸಕ್ಕರೆ ಕಟ್ಟಿ "ದರ್ಗಾದಲ್ಲಿ ಓದಿಸಿಕೊಂಡು ಬಾ" ಎಂದು ನನ್ನನ್ನು ಓಡಿಸುತ್ತಿದ್ದಳು. ಮುಜಾವರ್ ಬಾಯಲ್ಲೇ ಏನೋ ಹೇಳಿ ಸಕ್ಕರೆಯ ಮೇಲೆ ಊದಿ ಕೊಡುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಪೊಟ್ಟಣ ಅರ್ಧವಾಗಿರುತ್ತಿತ್ತು. ಅಜ್ಜಿ ಅದನ್ನು ಕೈಯಲ್ಲಿ ತೂಗಿ ನೋಡಿ ಹೇಳುತ್ತಿದ್ದಳು: "ಓದಿಸಿದ ಮೇಲೆ ತಿಂದೆಯೋ, ಓದಿಸುವ ಮುಂಚೆಯೋ?" ಮೇಲೆ ತಿಂದಿದ್ದರೆ ತಪ್ಪಿರಲಿಲ್ಲ. ಮೊಹರಂ ಬಂದರೆ ಚೊಂಗೆ ಮಾಡಿ ಅಲಾಯಿ ದೇವರಿಗೆ ಕಳಿಸುತ್ತಿದ್ದಳು. ತಾನು ಮಾಡುತ್ತಿರುವುದು ಮೋಸವೇ ಎಂದು ಅವಳು ಯಾವ ಪತ್ರಿಕೆಗೂ ಪತ್ರ ಬರೆಯಲಿಲ್ಲ. ಬರೆಯಲು ಬರುತ್ತಿರಲಿಲ್ಲ, ಅದು ಬೇರೆ ಮಾತು.

ನೀವಂತೂ ಹುಮನಾಬಾದಿನವರು. ಪಕ್ಕದಲ್ಲೇ ಮಾಣಿಕನಗರ. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಯಾದ ಮಾಣಿಕಪ್ರಭುಗಳು ತಮ್ಮ ಸಂಪ್ರದಾಯಕ್ಕೆ ಇಟ್ಟ ಹೆಸರೇ ಸಕಲಮತ. ಅಂಥ ಊರಿನ ನೆರಳಿನಲ್ಲಿ ಬೆಳೆದು ಕಲಬುರಗಿಯ ಸಂಪಾದಕನಿಗೆ ಈ ಪ್ರಶ್ನೆ ಕೇಳುವುದು ಹೊಳೆಯ ದಂಡೆಯ ಮೇಲೆ ಕುಳಿತು ನೀರಿನ ಟ್ಯಾಂಕರಿಗೆ ಫೋನ್ ಮಾಡಿದಂತೆ. ಬೀದರಿನ ಅಷ್ಟೂರಿಗೂ ಹೋಗಿರುತ್ತೀರಿ. ಅಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹಮದ್ ಷಾ ಮುಸ್ಲಿಮರಿಗೆ ವಲಿ, ಅಂದರೆ ಸಂತ; ನಿಮ್ಮ ಮನೆತನದಂಥ ಎಷ್ಟೋ ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ಅವನ ಉರುಸಿಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ನಡೆದುಕೊಂಡು ಬರುತ್ತಾರೆ, ಶಂಖ ಊದುತ್ತಾರೆ. ಸುಲ್ತಾನನ ಗೋರಿಯ ಮುಂದೆ ಜಂಗಮರ ಶಂಖ. ಇದನ್ನು ಭಾವೈಕ್ಯ ಎಂದು ಭಾಷಣಕಾರರು ಕರೆಯುತ್ತಾರೆ. ನನಗೆ ಆ ಪದವೂ ಬೇಡ, ಅದನ್ನು ಕೇಳಿದರೆ ಹಾರ, ಶಾಲು, ವೇದಿಕೆಯ ಮೇಲಿನ ಹದಿನೆಂಟು ಕುರ್ಚಿಗಳು ಕಣ್ಣ ಮುಂದೆ ಬರುತ್ತವೆ.

ನನಗೆ ಇದಕ್ಕಿಂತ ಪ್ರಿಯವಾದದ್ದು ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಸಂಗತಿ. ಭೀಮಾ ದಂಡೆಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಒಂದು ಕಾಳಿಯ ಗುಡಿ ಇತ್ತು. 1986ರಲ್ಲಿ ಅದರ ಛಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಆಮೇಲೆ ನೋಡಿದರೆ ಕಾಳಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲಿನಲ್ಲಿ ಬ್ರಾಹ್ಮೀ ಅಕ್ಷರಗಳು. ಅಶೋಕನ ಶಾಸನ! ಯಾರೋ ಆ ಬಂಡೆಯ ನಡುವೆ ಚೌಕವಾಗಿ ತೂತು ಕೊರೆದು ದೇವಿಯನ್ನು ಕೂರಿಸಿಬಿಟ್ಟಿದ್ದರು. ಆ ಕಲ್ಲಿನಲ್ಲಿ ಉಳಿದಿರುವ ಭಾಗಗಳಲ್ಲಿ ಒಂದು ಹನ್ನೆರಡನೆಯ ಶಾಸನದ್ದು. ಅದರಲ್ಲಿ ಅಶೋಕ ಹೇಳುವುದು, ತನ್ನ ಪಂಥವನ್ನು ಹೊಗಳಿ ಇನ್ನೊಬ್ಬರದನ್ನು ತೆಗಳಬೇಡಿ, ನಾಲಿಗೆ ಹಿಡಿತದಲ್ಲಿರಲಿ, ಇನ್ನೊಬ್ಬರ ಪಂಥವನ್ನು ಗೌರವಿಸಿದರೆ ನಿಮ್ಮದೇ ಬೆಳೆಯುತ್ತದೆ ಎಂದು. ಎಷ್ಟು ತಲೆಮಾರು ಜನ ಆ ಕಲ್ಲಿನ ಮೇಲೆ ಅರಿಸಿನ ಕುಂಕುಮ ಚೆಲ್ಲಿರಬೇಕು! ಓದಲು ಬಾರದ ಮಾತಿಗೆ ದಿನವೂ ಕೈ ಮುಗಿದರು. ಇದನ್ನು ಶಾಸನಕ್ಕಾದ ಅಪಚಾರ ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಇರಬಹುದು. ನಾನಂತೂ ಅಲ್ಲಿ ನಿಂತು ಬಹಳ ಹೊತ್ತು ಒಬ್ಬನೇ ನಕ್ಕೆ.

ಈಗ ಅವಸರದ ಮಾತು. ಗಂಡಿನ ಕಡೆಯವರು ಬರುವಷ್ಟರಲ್ಲಿ ನಿಮ್ಮ ಆಧ್ಯಾತ್ಮ ಒಂದು ದಡ ಮುಟ್ಟಬೇಕು ಎಂದು ಮನೆಯಲ್ಲಿ ಬಯಸುತ್ತಿದ್ದಾರೆ, ಅಲ್ಲವೇ? ಅಂಬೇಡ್ಕರ್ ಅವರು ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲೆಯಲ್ಲಿ ಹೇಳಿದ್ದು 1935ರ ಅಕ್ಟೋಬರಿನಲ್ಲಿ. ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಆ ನಡುವೆ ಸಿಖ್ ಧರ್ಮವನ್ನು ಗಂಭೀರವಾಗಿ ಪರಿಶೀಲಿಸಿದರು, ರಾಶಿ ರಾಶಿ ಓದಿದರು, ದೇಶಕ್ಕೊಂದು ಸಂವಿಧಾನದ ಕರಡನ್ನೂ ಸಿದ್ಧಪಡಿಸಿದರು. ಅದರ 25ನೆಯ ವಿಧಿಯನ್ನು ತೆಗೆದು ನೋಡಿ. ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕುಗಳು ಆಮೇಲೆ ಬರುತ್ತವೆ, ಮೊದಲು ಬರುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯ. ಅಷ್ಟು ದೊಡ್ಡ ಮನುಷ್ಯನಿಗೆ 21 ವರ್ಷ ಬೇಕಾಯಿತು, ನಿಮಗೆ ಎರಡು ವರ್ಷಕ್ಕೆ ಗಾಬರಿ.

ನಿಮ್ಮ ತಂದೆಯವರಿಗೆ ಇನ್ನೊಂದು ಸಂಗತಿ ನೆನಪಿಸಬಹುದು, ಸಮಯ ನೋಡಿ, ಊಟವಾದ ಮೇಲೆ. ಬಸವಣ್ಣನವರು ಚಿಕ್ಕಂದಿನಲ್ಲಿ ಉಪನಯನ ಒಲ್ಲೆನೆಂದು ಹೆತ್ತವರ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದರು ಎಂದು ಅವರ ಕತೆ ಹೇಳುವವರೆಲ್ಲ ಹೇಳುತ್ತಾರೆ. ಹಾಗೆ ಮನೆ ಬಿಟ್ಟ ಹುಡುಗನ ಹೆಸರು ಹೇಳಿ ಇಂದು ನಾವು ಮಕ್ಕಳಿಗೆ ಮನೆಯ ಮಾತು ಮೀರಬೇಡಿ ಎನ್ನುತ್ತಿದ್ದೇವೆ. ಶರಣರು ಇಷ್ಟಲಿಂಗವನ್ನು ಗುಡಿಯೊಳಗೆ ಇಡಲಿಲ್ಲ, ಒಬ್ಬೊಬ್ಬರ ಅಂಗೈಗೆ ಒಂದೊಂದು ಕೊಟ್ಟರು. ಗಂಡನದು ಹೆಂಡತಿಗಲ್ಲ, ತಂದೆಯದು ಮಗಳಿಗಲ್ಲ. ನನ್ನದೇ ದಾರಿ ಇರುತ್ತದೆಯೇ ಎಂದು ಕೇಳುತ್ತೀರಲ್ಲ, ಹನ್ನೆರಡನೆಯ ವಯಸ್ಸಿನಲ್ಲಿ ನಿಮ್ಮ ಕೈಗೆ ಬಂದದ್ದು ಮತ್ತೇನು?

ಆದರೆ ದೂರು ಪೂರ್ತಿ ನಿಮ್ಮ ತಂದೆಯವರ ಮೇಲೆ ಹೊರಿಸುವುದು ಅನ್ಯಾಯ. ಕಾಲವೇ ಹಾಗಿದೆ. ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ಏನೆಂದು ಹಾಸ್ಟೆಲಿನಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ. ಮೊಮ್ಮಗನನ್ನು ಶಾಲೆಗೆ ಸೇರಿಸಲು ಹೋದಾಗ ಅರ್ಜಿಯಲ್ಲಿ ಧರ್ಮ, ಜಾತಿ, ಉಪಜಾತಿ ಎಂದು ಮೂರು ಗೆರೆ ಇತ್ತು. ಮಗುವಿಗೆ ಯಾವ ಕತೆ ಇಷ್ಟ ಎಂದು ಕೇಳಲು ಒಂದೂ ಇರಲಿಲ್ಲ. 2011ರ ಜನಗಣತಿಯಲ್ಲಿ ದೇಶದ 28 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ "ಧರ್ಮ ನಮೂದಿಸಿಲ್ಲ" ಎಂಬ ಸಾಲಿನಲ್ಲಿದೆ. ಅವರಲ್ಲಿ ಎಷ್ಟು ಜನ ನಿಮ್ಮಂತೆ ಯೋಚಿಸಿ ಬಿಟ್ಟರೋ, ಎಷ್ಟು ಜನರದು ಗಣತಿಯವರು ಬರೆಯಲು ಮರೆತದ್ದೋ, ದೇವರಿಗೇ ಗೊತ್ತು.

ನಮ್ಮ ಪತ್ರಿಕೆಯ ಅನುಭವವನ್ನೇ ಕೇಳಿ. ಒಂದು ದೀಪಾವಳಿ ಸಂಚಿಕೆಯಲ್ಲಿ ಒಬ್ಬ ಗುರುಗಳ ಚಿತ್ರ ಇನ್ನೊಬ್ಬರದಕ್ಕಿಂತ ಅರ್ಧ ಅಂಗುಲ ಚಿಕ್ಕದಾಯಿತೆಂದು ನಲವತ್ತು ಜನ ಫೋನ್ ಮಾಡಿದರು. ಅದೇ ಸಂಚಿಕೆಯಲ್ಲಿ ಒಂದು ಪುಟ ತಲೆಕೆಳಗಾಗಿ ಅಚ್ಚಾಗಿತ್ತು, ಅದಕ್ಕೆ ಒಬ್ಬರೂ ಮಾಡಲಿಲ್ಲ. ಕಡಕೋಳದ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರಿದ್ದರು, ಗುರು ಶಿಷ್ಯ ಇಬ್ಬರೂ ತತ್ವಪದ ಕಟ್ಟಿದವರು. ಆ ಪದಗಳನ್ನು ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಬೆಳಗಿನ ಜಾವದವರೆಗೆ ಹಾಡುತ್ತಿದ್ದ ಭಜನೆಯ ಮನೆಗಳಲ್ಲಿ ಈಗ ಸೌಂಡ್ ಬಾಕ್ಸ್ ಬಂದು ಕುಳಿತಿದೆ. ಅರ್ಥ ಗೊತ್ತಾಗದ ಪದವನ್ನು ಹಾಡಿ, ಮುಗಿದ ಮೇಲೆ ಚಹಾ ಕುಡಿಯುತ್ತ ಅದರ ಅರ್ಥಕ್ಕಾಗಿ ಜಗಳವಾಡುತ್ತಿದ್ದ ಮುದುಕರನ್ನು ನಾನು ನೋಡಿದ್ದೇನೆ. ಈಗ ಮೊಬೈಲಿನಲ್ಲಿ ಅರ್ಧ ನಿಮಿಷದ ಪ್ರವಚನ, ಜಗಳವಾಡಲು ಸಮಯವೇ ಇಲ್ಲ, ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಮೂರು ದಿನದಲ್ಲಿ ಆತ್ಮಜ್ಞಾನ ಕೊಡುವ ಶಿಬಿರದ ಕರಪತ್ರವೊಂದು ಈ ವಾರವೂ ನಮ್ಮ ಕಚೇರಿಗೆ ಬಂದಿದೆ. ಜಾಹೀರಾತು ಕೊಡುತ್ತಾರಂತೆ. ಹಾಕುವುದಿಲ್ಲ ಎಂದಿದ್ದೇನೆ, ನಮ್ಮ ವ್ಯವಸ್ಥಾಪಕರು ಮಾತು ಬಿಟ್ಟಿದ್ದಾರೆ.

ಸಾಲಿನ ವಿಷಯಕ್ಕೆ ಬರುತ್ತೇನೆ ಎಂದಿದ್ದೆ. ನಿಮ್ಮ ಮೇಲೆ ನನಗಿರುವ ದೂರು ಒಂದೇ. ದರ್ಗಾದ ಅಂಗಳದಲ್ಲಿ ಕುಳಿತು ಬರುತ್ತೀರಿ, ವಿಹಾರದಲ್ಲಿ ಕಣ್ಣು ಮುಚ್ಚಿ ಬರುತ್ತೀರಿ. ಬಂದ ಮೇಲೆ? ನಿಮ್ಮ ತಾಯಿ ಎರಡು ವರ್ಷದಿಂದ ಒಬ್ಬರೇ ಪೂಜೆಗೆ ಕೂಡುತ್ತಾರೆ, ನೀವು ಮನೆಯಲ್ಲಿದ್ದರೂ ಹೊರಗೆ ಎದ್ದು ಹೋಗುತ್ತೀರಿ ಎಂದು ನೀವೇ ಬರೆದಿದ್ದೀರಿ. ಗೆಳತಿಯ ಜೊತೆ ಅವರ ದೇವರ ಮುಂದೆ ಕೂಡಲು ನಂಬಿಕೆ ಅಡ್ಡ ಬರಲಿಲ್ಲ, ತಾಯಿಯ ಜೊತೆ ಕೂಡಲು ಏಕೆ ಬಂತು? ಅಲ್ಲಿ ನಡೆದುಕೊಂಡಂತೆಯೇ ಇಲ್ಲಿಯೂ ನಡೆದುಕೊಳ್ಳಿ. ಗಂಡಿನ ಕಡೆಯವರು ಯಾವ ಮಠದವರು ಎಂದು ಕೇಳಿದರೆ ಮಠದ ಹೆಸರು ಹೇಳಿ, ಅದು ಸುಳ್ಳಲ್ಲ. ಗುರುವಾರದ ವಿಷಯವನ್ನು ಹುಡುಗನಿಗೆ ಮಾತ್ರ, ನಿಮ್ಮ ಬಾಯಿಂದಲೇ ಹೇಳಿ. ಅವನ ಮುಖ ಏನಾಗುತ್ತದೆ ನೋಡಿಕೊಂಡರೆ ನಿಮಗೆ ಎಷ್ಟೋ ವಿಷಯ ಆಗಲೇ ತಿಳಿಯುತ್ತದೆ.

ಇದನ್ನು ಓದಿ ಕೆಲವು ಹಿರಿಯರಿಗೆ ಸಿಟ್ಟು ಬರುತ್ತದೆ ಎಂದು ಬಲ್ಲೆ. ಬರೆಯಲಿ, ಪ್ರಕಟಿಸುತ್ತೇನೆ. ಒಂದು ಪುಟ ಮೀರದಿರಲಿ.

ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ಒಂದು ಸಾಲು ಸೇರಿಸಿದ್ದೀರಿ: ಲಿಂಗದ ಕರಡಿಗೆ ಹಾಸ್ಟೆಲಿನ ಟ್ರಂಕಿನಲ್ಲಿ, ಕರವಸ್ತ್ರದಲ್ಲಿ ಸುತ್ತಿಟ್ಟಿದೆ, ಬೆಳ್ಳಿ ಕಪ್ಪಾಗಿದೆ, ಊರಿಗೆ ಒಯ್ದು ಮಠಕ್ಕೆ ಒಪ್ಪಿಸಲೇ ಎಂದು. ಈಗಲೇ ಒಪ್ಪಿಸಬೇಡಿ. ಒಣ ವಿಭೂತಿಯನ್ನು ಹತ್ತಿಯ ಬಟ್ಟೆಯಲ್ಲಿ ತೆಗೆದುಕೊಂಡು ಮೆಲ್ಲಗೆ ಉಜ್ಜಿ, ಕಪ್ಪು ಹೋಗುತ್ತದೆ. ನಮ್ಮ ಅಜ್ಜಿ ಹಾಗೆಯೇ ಮಾಡುತ್ತಿದ್ದಳು. ಮುಚ್ಚಳದ ಅಂಚಿನಲ್ಲಿ ಕಪ್ಪು ಗಟ್ಟಿಯಾಗಿ ಕುಳಿತಿದ್ದರೆ ಎರಡು ಸಲ ಉಜ್ಜಬೇಕಾಗುತ್ತದೆ.