ಮರೀನಾದಲ್ಲಿ ಪಕ್ಕದ ದೋಣಿಯವರ ಪರಿಚಯ: ಧಾರವಾಡದ ಹಿರಿಯರ ಪ್ರಶ್ನೆಗೆ

ನಮಸ್ಕಾರ ಸರ್. ಮಗನ ಹಾಯಿದೋಣಿಯಲ್ಲಿ ಕೊಚ್ಚಿಯ ಬೊಲ್ಗಟ್ಟಿ ದ್ವೀಪದ ಮರೀನಾದಲ್ಲಿ, ಅಂದರೆ ದೋಣಿಗಳನ್ನು ಕಟ್ಟಿ ನಿಲ್ಲಿಸುವ ತಂಗುದಾಣದಲ್ಲಿ, ಎರಡು ವಾರ ತಂಗಲಿರುವ ನೀವು, ಅಕ್ಕಪಕ್ಕದ ದೋಣಿಯವರೊಡನೆ ಮಾತು ಬೆಳೆಸುವುದು ಹೇಗೆಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯವನು; ನಮ್ಮ ಭಾವನವರ ದೋಣಿಯಲ್ಲಿ ಒಂದು ಚಳಿಗಾಲವನ್ನು ಹೀಗೆಯೇ ಕಳೆದಿದ್ದೇನೆ.

ಮಾತಿಗಿಂತ ಮೊದಲು ಕೆಲಸಕ್ಕೆ ಕೈ ಜೋಡಿಸುವುದು ಅಲ್ಲಿನ ರೂಢಿ. ಹೊಸ ದೋಣಿಯೊಂದು ಕಟ್ಟೆಯತ್ತ ಬರುವುದು ಕಂಡರೆ ಹೋಗಿ ನಿಂತು, ಅವರು ಎಸೆಯುವ ಹಗ್ಗವನ್ನು ಹಿಡಿಯಿರಿ. ಆದರೆ ನಿಮ್ಮಷ್ಟಕ್ಕೆ ನೀವೇ ಬಿಗಿಯಾಗಿ ಎಳೆಯಬೇಡಿ, ಏಕೆಂದರೆ ಮುಂಭಾಗದ ಹಗ್ಗವನ್ನು ಅವಸರದಲ್ಲಿ ಎಳೆದರೆ ದೋಣಿಯ ಹಿಂಭಾಗ ಹೊರಕ್ಕೆ ತಿರುಗಿಬಿಡುತ್ತದೆ. ಚುಕ್ಕಾಣಿ ಹಿಡಿದವರು ತೋರಿಸಿದ ಗೂಟಕ್ಕೆ ಒಂದು ಸುತ್ತು ಹಾಕಿ ಕಾದರೆ ಸಾಕು. ನನಗೆ ಅಲ್ಲಿ ದೊರೆತ ಹೆಚ್ಚಿನ ಸ್ನೇಹಗಳು ಆ ಹಗ್ಗದಿಂದಲೇ ಶುರುವಾದವು.

ಯಾರ ದೋಣಿಗೂ ಕರೆಯದೆ ಕಾಲಿಡಬಾರದು. ನಮ್ಮ ಓಣಿಗಳಲ್ಲಿ ಪಡಸಾಲೆಯವರೆಗೆ ಸಲೀಸಾಗಿ ಹೋಗುವ ಅಭ್ಯಾಸ ಅಲ್ಲಿ ನಡೆಯದು. ದೋಣಿಯ ಮಗ್ಗುಲನ್ನು ಮೆಲ್ಲಗೆ ತಟ್ಟಿ, ಅವರು ಕರೆದ ಮೇಲೆ ಚಪ್ಪಲಿ ಬಿಟ್ಟು ಏರಬೇಕು. ದೋಣಿಯವರು ಪರಸ್ಪರ ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಆಪತ್ತಿನ ಕರೆಗೂ ಇನ್ನೊಂದು ದೋಣಿಯನ್ನು ಮೊದಲು ಕರೆಯುವುದಕ್ಕೂ ಮೀಸಲಾದ್ದರಿಂದ ಹರಟೆಗೆ ಬೇರೆ ಚಾನೆಲ್‌ಗೆ ಹೋಗಿರಿ.

ಧಾರವಾಡ ಪೇಡೆ, ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವಶ್ಯವಾಗಿ ಒಯ್ಯಿರಿ. ಸಮುದ್ರದ ತೇವಕ್ಕೆ ರೊಟ್ಟಿ ಬೇಗನೆ ಮೆತ್ತಗಾಗುವುದರಿಂದ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಸಂಜೆ ನಾನು ರೊಟ್ಟಿ ಮುರಿದ ಸದ್ದಿಗೆ ಪಕ್ಕದ ದೋಣಿಯ ಫ್ರೆಂಚ್ ದಂಪತಿ ತಲೆಯೆತ್ತಿ ನೋಡಿದರು. ಅಂದು ರಾತ್ರಿ ಅವರ ಊಟ ನಮ್ಮಲ್ಲಿಯೇ ಆಯಿತು.