ಮಾದರಿ ನೋಡುತ್ತಿರುವುದು ಮೀನನ್ನೋ, ಬುಟ್ಟಿಯನ್ನೋ?

ಪ್ರಶ್ನೆ: ನಾನು ಅಂಕೋಲಾದವಳು. ಗೋವಾದಲ್ಲಿ ಕಂಪ್ಯೂಟರ್ ವಿಷನ್ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಚಿತ್ರ ನೋಡಿ ಮೀನಿನ ಜಾತಿ ಹೇಳುವ ಮಾದರಿ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ) ರೂಪಿಸುವುದು ನನ್ನ ಕೆಲಸ. ವಾಸ್ಕೊ ಮತ್ತು ಮಾಲಿಂ ಜೆಟ್ಟಿಗಳಲ್ಲಿ ವಿಡಿಯೊ ತೆಗೆದು, ಅದರ ಚಿತ್ರಗಳನ್ನು ತರಬೇತಿಗೂ ಪರೀಕ್ಷೆಗೂ ಹಂಚಿಕೊಂಡೆ. ಪರೀಕ್ಷೆಯಲ್ಲಿ ಮಾದರಿ ತಪ್ಪುವುದೇ ಅಪರೂಪ. ಮಾಪುಸಾ ಮಾರುಕಟ್ಟೆಗೆ ಒಯ್ದರೆ ಮಾತ್ರ ಬಂಗಡೆಯನ್ನು ತಾರ್ಲೆ (ಬೂತಾಯಿ) ಎನ್ನುತ್ತದೆ. ಇನ್ನಷ್ಟು ಆಳದ, ಅಂದರೆ ಹೆಚ್ಚು ಪದರಗಳಿರುವ, ನರಜಾಲ (ನ್ಯೂರಲ್ ನೆಟ್‌ವರ್ಕ್) ಬಳಸಲು ಮಾರ್ಗದರ್ಶಕರು ಹೇಳುತ್ತಿದ್ದಾರೆ. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ, ವಾಸ್ಕೊ

ಉತ್ತರ: ಸದ್ಯ ಜಾಲದ ತಂಟೆಗೆ ಹೋಗಬೇಡಿ. 152 ಪದರಗಳ ರೆಸ್‌ನೆಟ್ ಎಂಬ ನರಜಾಲ ಬಂದದ್ದು 2015ರಲ್ಲಿ. ಆಳಕ್ಕೆ ಈಗ ಬರವಿಲ್ಲ. ನಿಮ್ಮ ತೊಂದರೆ ಇರುವುದು ಚಿತ್ರಗಳನ್ನು ಹಂಚಿಕೊಂಡ ರೀತಿಯಲ್ಲಿ.

ಮೊಬೈಲ್ ವಿಡಿಯೊದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರಗಳಿರುತ್ತವೆ. ಒಂದಕ್ಕೂ ಅದರ ಪಕ್ಕದ್ದಕ್ಕೂ ಕೂದಲೆಳೆಯ ವ್ಯತ್ಯಾಸ. ಅವನ್ನು ಕಲಸಿ ಹಂಚಿದರೆ ಒಂದೇ ಮೀನು, ಒಂದೇ ಬುಟ್ಟಿ, ಅದೇ ಬೆಳಗಿನ ಬೆಳಕು ತರಬೇತಿಯಲ್ಲೂ ಇರುತ್ತದೆ, ಪರೀಕ್ಷೆಯಲ್ಲೂ ಇರುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕಿದ ಮೇಲೆ ಅಂಕಕ್ಕೇನು ಕೊರತೆ? ಹಂಚಿಕೆ ಚಿತ್ರದ ಲೆಕ್ಕದಲ್ಲಿ ಬೇಡ, ಸ್ಥಳ ಮತ್ತು ದಿನದ ಲೆಕ್ಕದಲ್ಲಿ ಇರಲಿ: ವಾಸ್ಕೊದ ಚಿತ್ರಗಳಲ್ಲಿ ಕಲಿಸಿ, ಮಾಲಿಂನವುಗಳಲ್ಲಿ ಪರೀಕ್ಷಿಸಿ, ಆಮೇಲೆ ತಿರುಗಿಸಿ. ಫಲಿತಾಂಶ ಖಂಡಿತ ಇಳಿಯುತ್ತದೆ. ಪ್ರಬಂಧದಲ್ಲಿ ಆ ಇಳಿದ ಅಂಕಿಯನ್ನೇ ಕೊಡಿ.

ಹೊಸ ಜಾಗದಲ್ಲಿ ಎಡವುವುದು ನಿಮ್ಮ ಮಾದರಿಯೊಂದೇ ಅಲ್ಲ. ಕಾಡಿನ ಕ್ಯಾಮೆರಾ ಚಿತ್ರಗಳ ಮೇಲೆ 2018ರಲ್ಲಿ ನಡೆದ ಅಧ್ಯಯನದಲ್ಲಿ, ಪರಿಚಿತ ಜಾಗದ ಪ್ರಾಣಿಗಳನ್ನು ಚೆನ್ನಾಗಿ ಗುರುತಿಸಿದ ಮಾದರಿಗಳು ಹೊಸ ಜಾಗದಲ್ಲಿ ತೀರಾ ಹೆಚ್ಚು ತಪ್ಪಿದವು. ಪ್ರಸಿದ್ಧ ಚಿತ್ರಸಂಗ್ರಹ ಇಮೇಜ್‌ನೆಟ್‌ಗೆ ಹಳೆಯ ವಿಧಾನವನ್ನೇ ಅನುಸರಿಸಿ 2019ರಲ್ಲಿ ಹೊಸ ಪರೀಕ್ಷಾ ಸಂಗ್ರಹ ಮಾಡಿದಾಗಲೂ ಮಾದರಿಗಳ ನಿಖರತೆ 11ರಿಂದ 14 ಶೇಕಡಾ ಅಂಶ ಕುಸಿಯಿತು.

ಇನ್ನೊಂದು ಪರೀಕ್ಷೆ ಮಾಡಿ ನೋಡಿ, ಒಂದು ಸಂಜೆ ಸಾಕು. ಚಿತ್ರದಲ್ಲಿ ಮೀನಿನ ಭಾಗವನ್ನು ಬೂದುಬಣ್ಣದಿಂದ ಮುಚ್ಚಿ ಮಾದರಿಗೆ ಕೊಡಿ. ಆಗಲೂ ಅದು ಧೈರ್ಯವಾಗಿ 'ತಾರ್ಲೆ' ಎಂದರೆ, ಕಲಿತಿರುವುದು ಬುಟ್ಟಿಯ ಬಣ್ಣವನ್ನು ಎಂದೇ ಅರ್ಥ. ಗ್ರ್ಯಾಡ್-ಕ್ಯಾಮ್ ನಕ್ಷೆಯನ್ನೂ ತೆಗೆಯಿರಿ; ಮಾದರಿ ಚಿತ್ರದ ಯಾವ ಭಾಗ ನೋಡಿ ಉತ್ತರ ಕೊಟ್ಟಿತು ಎಂಬುದನ್ನು ಅದು ಬಣ್ಣದಲ್ಲಿ ತೋರಿಸುತ್ತದೆ. ಬಂಗಡೆಯಾದರೆ ಬೆನ್ನಿನುದ್ದದ ಕಪ್ಪು ಗೆರೆ, ಚುಕ್ಕೆಗಳ ಸಾಲು. ತಾರ್ಲೆಯಾದರೆ ಕಿವಿರಿನ ಮುಚ್ಚಳದ ಹಿಂಬದಿಯ ಅಂಚಿನ ಕಪ್ಪು ಮಚ್ಚೆ – ನಕ್ಷೆಯ ಕೆಂಪು ಅಲ್ಲೆಲ್ಲೋ ಬೀಳಬೇಕು. ಐಸಿನ ಮೇಲೋ ಬುಟ್ಟಿಯ ಅಂಚಿನ ಮೇಲೋ ಬಿದ್ದರೆ ಮಾರ್ಗದರ್ಶಕರಿಗೆ ಅದನ್ನೇ ತೋರಿಸಿ. ವಾದಕ್ಕೆ ನಿಲ್ಲುವ ಅಗತ್ಯವೇ ಬರಲಿಕ್ಕಿಲ್ಲ. (ಮೀನು ಮಾರುವ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಪ್ಪು ಉತ್ತರಗಳನ್ನು ನೋಡುವುದೂ ಒಳ್ಳೆಯದು. ನಮ್ಮ ಕ್ಷೇತ್ರದಲ್ಲಿ ಇದನ್ನು ಮಾಡುವವರು ಕಡಿಮೆ, ಯಾಕೋ.)

ಮಾಪುಸಾ ಚಿತ್ರಗಳನ್ನು ತರಬೇತಿಗೆ ಸೇರಿಸುವ ಆಸೆಯಾಗುತ್ತದೆ. ಸೇರಿಸಿ, ಅಡ್ಡಿಯಿಲ್ಲ, ಆದರೆ ಅದಕ್ಕೆ ಮೊದಲು ಇನ್ನೊಂದು ಜಾಗವನ್ನು, ಉದಾಹರಣೆಗೆ ದಕ್ಷಿಣ ಗೋವಾದ ಕುಟ್ಬೋಣ ಜೆಟ್ಟಿಯನ್ನು, ಕೊನೆಯ ಪರೀಕ್ಷೆಗೆಂದೇ ತೆಗೆದಿಡಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳಿಗೆ ನಿಷೇಧ. ಆದ್ದರಿಂದ ಅಲ್ಲಿನ ಚಿತ್ರಗಳನ್ನು ಮೇ ಮುಗಿಯುವುದರೊಳಗೆ ತೆಗೆದುಕೊಳ್ಳಿ, ಇಲ್ಲವೇ ಆಗಸ್ಟ್‌ವರೆಗೆ ಕಾಯಬೇಕಾಗುತ್ತದೆ.